ಗೇಮಿಂಗ್ ಲ್ಯಾಪ್‌ಟಾಪ್‌ಗೆ ದುಡ್ಡು ಕಟ್ಟುವ ಮುಂಚೆ ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟ್ ಕರೆಂಟ್ ಅಂತ ಕೇಳಿ

ಮಕ್ಕಳು ಎಂಜಿನಿಯರಿಂಗ್ ಸೇರಿದ್ದಾರೆ, ಓದಿಗೂ ಆಗಬೇಕು, ಗೇಮ್ ಆಡೋಕೂ ಆಗಬೇಕು ಅಂತ ಗೇಮಿಂಗ್ ಲ್ಯಾಪ್‌ಟಾಪ್ ನೋಡುತ್ತಿದ್ದೀರಾ? ಹಾಗಾದರೆ ಅಂಗಡಿಗೆ ಹೋಗುವ ಮುಂಚೆ ಇದನ್ನು ಪೂರ್ತಿ ಓದಿ. ಕಲಬುರಗಿಯ ನನ್ನ ಅಕ್ಕನ ಮನೆಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ ನೀರಿಗೆ ಬಿತ್ತು. ಇನ್ನೊಂದು ಮನೆಯಲ್ಲಿ ಹಾಗಾಗಬಾರದು.

ಅಕ್ಕನ ಮಗನಿಗೆ ಬ್ಲೆಂಡರ್ ಅನ್ನೋ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಕಲಿಯುವ ಆಸೆ. ಸಂಜೆ ಗೆಳೆಯರ ಜೊತೆ ವ್ಯಾಲೊರಂಟ್ ಆಡುತ್ತಾನೆ. ಕಾಲೇಜಿಗೆ ಮನೆಯಿಂದಲೇ ಹೋಗಿಬರುತ್ತಾನೆ. ಡೆಸ್ಕ್‌ಟಾಪ್ ಒಳ್ಳೆಯದಾ, ಲ್ಯಾಪ್‌ಟಾಪ್ ಒಳ್ಳೆಯದಾ ಅಂತ ಅಂಗಡಿಯಲ್ಲಿ ಕೇಳಿದರೆ ಸಿಕ್ಕ ಉತ್ತರ ಇದು: "ಎರಡರಾಗೂ ಆರ್‌ಟಿಎಕ್ಸ್ 4060 ಅದ ರೀ. ಕಾರ್ಡೂ ಒಂದೇ, ಸ್ಪೀಡೂ ಒಂದೇ. ಇದನ್ನಾದ್ರ ಬ್ಯಾಗಿನಾಗ ಹಾಕ್ಕೊಂಡು ಹೋಗಬಹುದು." ಆರ್‌ಟಿಎಕ್ಸ್ 4060 ಅಂದರೆ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್, ಪರದೆಯಲ್ಲಿ ಗೇಮಿನ ಚಿತ್ರ ಮೂಡಿಸುವ ಭಾಗ. ಅಕ್ಕ ನಂಬಿದಳು. ಅದೇ ವ್ಯಾಪಾರ ಮಾಡುವವರು ಎದುರಿಗೆ ನಿಂತು ಹೇಳಿದರೆ ಯಾರಾದರೂ ನಂಬುತ್ತಾರೆ.

ಆ ಮಾತು ಸುಳ್ಳು. ಡೆಸ್ಕ್‌ಟಾಪಿನ 4060 ಕಾರ್ಡ್ 115 ವ್ಯಾಟ್‌ವರೆಗೆ ಕರೆಂಟ್ ಎಳೆದು ಕೆಲಸ ಮಾಡುತ್ತದೆ. ಲ್ಯಾಪ್‌ಟಾಪಿನ 4060ಕ್ಕೆ 35ರಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಮಿತಿ ಇಡಬಹುದು. ಎಷ್ಟು ಇಡಬೇಕು ಅನ್ನೋದನ್ನು ಲ್ಯಾಪ್‌ಟಾಪ್ ಮಾಡುವ ಕಂಪನಿ ತೀರ್ಮಾನಿಸುತ್ತದೆ. ಚಿಪ್ ಒಂದೇ ಇದ್ದರೂ ಕರೆಂಟ್ ಕಡಿಮೆ ಕೊಟ್ಟರೆ ವೇಗ ಬರೋದಿಲ್ಲ. ಅಕ್ಕನ ಮನೆಗೆ ಬಂದದ್ದು ತೆಳ್ಳಗಿನ ಮಾಡೆಲ್. ಅದರ ಮಿತಿ ಬರೀ 60 ವ್ಯಾಟ್. ಮೇಲೆ ಅಂಟಿಸಿದ್ದ ಸ್ಟಿಕರ್‌ನಲ್ಲಿ 4060 ಅಂತ ದೊಡ್ಡದಾಗಿ ಇತ್ತು, ವ್ಯಾಟ್ ಸುದ್ದಿಯೇ ಇರಲಿಲ್ಲ.

ಇನ್ನೂ ದುಬಾರಿ ಕಾರ್ಡ್‌ಗಳಲ್ಲಿ ಚಿಪ್ಪೇ ಬೇರೆ. ಡೆಸ್ಕ್‌ಟಾಪ್ 4070ರಲ್ಲಿ 5888 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕಗಳು), 12 ಜಿಬಿ ಮೆಮೊರಿ. ಲ್ಯಾಪ್‌ಟಾಪ್ 4070ರಲ್ಲಿ 4608 ಕೋರ್, 8 ಜಿಬಿ. ಡೆಸ್ಕ್‌ಟಾಪ್ 4090ರಲ್ಲಿ 16384 ಕೋರ್ ಇದ್ದರೆ ಲ್ಯಾಪ್‌ಟಾಪಿನದರಲ್ಲಿ 9728. ಹೆಸರು ಮಾತ್ರ ಅದೇ. ಇದು ನನಗೆ ತುಂಬಾ ಸಿಟ್ಟು ಬರಿಸುವ ವಿಷಯ. ಜನ ಆ ಸಂಖ್ಯೆ ನೋಡಿಯೇ ದುಡ್ಡು ಕೊಡುತ್ತಾರೆ ಅಲ್ವಾ?

ಮಿತಿ ಎಷ್ಟು ಅಂತ ಅಂಗಡಿಯಲ್ಲೇ ನೋಡಬಹುದು. ಪ್ರದರ್ಶನಕ್ಕೆ ಇಟ್ಟ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಸಿ. ಅದರ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅಂತ ಒಂದು ಸಾಲು ಇರುತ್ತದೆ. ತೋರಿಸೋಕೆ ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ.

ಮುಂದೆ ಏನಾಯಿತು ಹೇಳುತ್ತೇನೆ. ವ್ಯಾಲೊರಂಟ್ ಹಗುರವಾದ ಗೇಮ್, ಅದಕ್ಕೆ ತೊಂದರೆ ಇರಲಿಲ್ಲ. ಬ್ಲೆಂಡರಿನಲ್ಲಿ ರೆಂಡರ್ ಹಾಕಿದರೆ, ಅಂದರೆ ಮಾಡಿದ್ದನ್ನು ಪೂರ್ತಿ ಚಿತ್ರವಾಗಿ ತೆಗೆಯೋಕೆ ಹೋದರೆ ಮಾತ್ರ ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಕಲಬುರಗಿ ಬೇಸಿಗೆ ಗೊತ್ತಲ್ಲ, ಹೊರಗೆ 40 ಡಿಗ್ರಿ ದಾಟಿರುತ್ತದೆ. ಒಳಗೆ ಪ್ರೊಸೆಸರ್ 95ರ ಆಸುಪಾಸಿಗೆ ಹೋಗಿ, ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತಿತ್ತು. "ಮಾಮಾ, ಕೀಬೋರ್ಡ್ ಮ್ಯಾಲ ಬೆರಳು ಇಡ್ಲಿಕ್ಕ ಆಗವಲ್ದು" ಅಂತ ಹುಡುಗ ಫೋನ್ ಮಾಡಿದ್ದ. ಕೂಲಿಂಗ್ ಪ್ಯಾಡ್ ತರಿಸಿದೆವು, ಹೆಚ್ಚೇನೂ ಬದಲಾಗಲಿಲ್ಲ.

ಕರೆಂಟ್ ಹೋದರೂ ಆಡಬಹುದು ಅನ್ನೋದು ಇನ್ನೊಂದು ಆಸೆ. ಬ್ಯಾಟರಿ ಮೇಲೆ ಇಂಥ ಲ್ಯಾಪ್‌ಟಾಪ್ ಅಡಾಪ್ಟರ್ ಇದ್ದಾಗಿನಷ್ಟು ವೇಗವಾಗಿ ಓಡೋದಿಲ್ಲ. ಬ್ಯಾಟರಿ ಅಷ್ಟು ಕರೆಂಟ್ ಒಮ್ಮೆಲೇ ಕೊಡಲಾರದು. ಭಾರದ ಗೇಮ್ ಆದರೆ ಒಂದು ಗಂಟೆಯ ಸುತ್ತಮುತ್ತ ಮುಗಿದೇ ಹೋಗುತ್ತದೆ.

ಸದಾ ಚಾರ್ಜರ್‌ಗೆ ಹಾಕಿಟ್ಟು, ಬಿಸಿಯಲ್ಲಿ ಓಡಿಸಿದ್ದಕ್ಕೆ ಬ್ಯಾಟರಿ ಊದಿಕೊಂಡಿತು. ಮೊದಲು ಕಂಡದ್ದು ಟಚ್‌ಪ್ಯಾಡ್ ಮೇಲೆದ್ದದ್ದು. ದಯವಿಟ್ಟು ಇದನ್ನು ನೆನಪಿಡಿ: ಟಚ್‌ಪ್ಯಾಡ್ ಉಬ್ಬಿದರೆ ಒತ್ತಿ ಕೂರಿಸಬೇಡಿ. ಆಫ್ ಮಾಡಿ, ಚಾರ್ಜ್ ಹಾಕಬೇಡಿ, ಚುಚ್ಚಬೇಡಿ, ಕಸಕ್ಕೆ ಎಸೆಯಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳಬಹುದು. ನೇರ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಯಾವಾಗಲೂ ಪ್ಲಗ್‌ನಲ್ಲೇ ಇಡುವವರು ಚಾರ್ಜ್ ಶೇ. 80ಕ್ಕೆ ನಿಲ್ಲುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ.

ಬ್ಯಾಟರಿ ಬದಲಾಯಿಸಿ ಕೆಲವು ತಿಂಗಳಿಗೆ ಮದರ್‌ಬೋರ್ಡ್ ಹೋಯಿತು. 1 ವರ್ಷದ ವಾರಂಟಿ ಆಗಲೇ ಮುಗಿದಿತ್ತು. ವಾರಂಟಿ ಮುಂದುವರಿಸಬಹುದು ಅಂತ ಮಾರುವಾಗ ಯಾರೂ ಹೇಳಿರಲಿಲ್ಲ. ಇಂಥ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಒಂದು ಹಾಳಾದರೂ ಇಡೀ ಬೋರ್ಡ್ ಹಾಕಿಸಬೇಕು. ಸರ್ವಿಸ್‌ನವರು ಹೇಳಿದ ಮೊತ್ತ ಲ್ಯಾಪ್‌ಟಾಪ್ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಅಕ್ಕ ಬೇಡ ಅಂದಳು. ಎಸ್‌ಎಸ್‌ಡಿ, ರ್‍ಯಾಮ್ ಬಿಚ್ಚಿಕೊಂಡದ್ದಷ್ಟೇ ಲಾಭ.

ಡೆಸ್ಕ್‌ಟಾಪಿನಲ್ಲಿ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಹೋದರೆ ಅದೊಂದನ್ನೇ ಬದಲಾಯಿಸಬಹುದು. ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತದೆ. ದುಡ್ಡು ಬಂದಾಗ ಕಾರ್ಡ್ ಮಾತ್ರ ಹೊಸದು ಹಾಕಿಕೊಳ್ಳಬಹುದು. ಕಂಪ್ಯೂಟರ್ ಮೇಜಿನ ಮೇಲೆಯೇ ಇರುತ್ತದೆ ಅಂದರೆ ನನ್ನ ಉತ್ತರ ಡೆಸ್ಕ್‌ಟಾಪೇ. ಕಾಲೇಜಿಗೆ ಒಯ್ಯೋಕೆ ಸಾದಾ ಲ್ಯಾಪ್‌ಟಾಪ್, ಅದು ಹಳೆಯದಾದರೂ ಸಾಕು. ಹಾಸ್ಟೆಲ್‌ನಲ್ಲಿರುವವರಿಗೆ, ಊರೂರು ತಿರುಗುವವರಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕೇ ಬೇಕಾಗಬಹುದು. ಅವರು ಸ್ವಲ್ಪ ದಪ್ಪಗಿನ, ವ್ಯಾಟ್ ಜಾಸ್ತಿ ಇರುವ ಮಾಡೆಲ್ ನೋಡಲಿ. 3 ವರ್ಷಕ್ಕೆ ವಾರಂಟಿ ಮೊದಲೇ ಮಾಡಿಸಿಕೊಳ್ಳಲಿ.

ಡೆಸ್ಕ್‌ಟಾಪ್ ಜೋಡಿಸುವ ಕಡೆಯೂ ಮೋಸ ಇದೆ. ಬೆಂಗಳೂರಿನ ಎಸ್‌.ಪಿ. ರಸ್ತೆ ಇರಲಿ, ನಿಮ್ಮೂರಿನ ಅಂಗಡಿ ಇರಲಿ, ಎಲ್ಲ ಭಾಗಗಳ ಹೆಸರು, ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿ. ಖಾಲಿ ಡಬ್ಬಿಗಳನ್ನೂ ತನ್ನಿ. ಬೆಲೆ ಇಳಿಸೋಕೆ ಅಂಗಡಿಯವರು ಮೊದಲು ಕೈ ಹಾಕೋದು ಎಸ್‌ಎಂಪಿಎಸ್‌ಗೆ. ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನೋ 80 ಪ್ಲಸ್ ಗುರುತಿಲ್ಲದ್ದು ಬೇಡ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರೋದಿಲ್ಲ. ಕಾರ್ಡ್ ರಿಪೇರಿಗೆ ಹೋದ ದಿನ ಪರದೆಯಲ್ಲಿ ಏನೂ ಬರೋದಿಲ್ಲ. ಒಂದು ಯುಪಿಎಸ್‌ಗೂ ದುಡ್ಡು ಎತ್ತಿಡಿ. ಕರೆಂಟ್ ಹೋದಾಗ ಫೈಲ್ ಉಳಿಸಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ.

ಈಗಾಗಲೇ ಸುಳ್ಳು ಹೇಳಿ ಮಾರಿದ್ದಾರೆ ಅನ್ನಿಸಿದರೆ ಬಿಲ್, ಜಾಹೀರಾತಿನ ಫೋಟೊ, ಆ ವ್ಯಾಟ್ ತೋರಿಸುವ ಪರದೆಯ ಫೋಟೊ ಎತ್ತಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಗ್ರಾಹಕ ಆಯೋಗಕ್ಕೆ ದೂರು ಕೊಡೋಕೆ 2 ವರ್ಷ ಸಮಯ ಇರುತ್ತದೆ.