ವಿಮೆ ಮಾರುವವರು ಗೋದಾಮಿನೊಳಗೆ ಕಾಲಿಡದಿದ್ದರೆ ಪಾಲಿಸಿಗೆ ಸಹಿ ಹಾಕಬೇಡಿ

ಕಾರ್ಖಾನೆ, ಗೋದಾಮು, ಅಂಗಡಿ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವ್ಯಾಪಾರ ವಿಮೆ ಮಾರುವ ಕೆಲಸದಲ್ಲಿ ಇರುವವರೂ ಓದಿ. ನಿಮಗೆ ಹೇಳಬೇಕಾದ ಮಾತೇ ಇದರಲ್ಲಿ ಜಾಸ್ತಿ ಇದೆ.

ನಾನು ಪ್ಯಾಕೇಜಿಂಗ್ ಸಾಮಾನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಫಿಲ್ಮ್, ರಟ್ಟಿನ ಪೆಟ್ಟಿಗೆ, ಲೇಬಲ್ ನಮ್ಮ ಮಾಲು. ಒಂದು ರಾತ್ರಿ ಗೋದಾಮಿನ ಮೂಲೆಯಲ್ಲಿ, ಫೋರ್ಕ್‌ಲಿಫ್ಟ್ ಬ್ಯಾಟರಿ ಚಾರ್ಜ್‌ಗೆ ಹಾಕುವ ಜಾಗದಲ್ಲಿ ಬೆಂಕಿ ಹತ್ತಿತು. ಅಗ್ನಿಶಾಮಕ ದಳದವರು ಬೇಗ ಬಂದರು, ಯಾರಿಗೂ ಏನೂ ಆಗಲಿಲ್ಲ. ಪಾಲಿಸಿ ಇತ್ತು. ಪ್ರೀಮಿಯಂ ಒಮ್ಮೆಯೂ ತಪ್ಪಿರಲಿಲ್ಲ. ಇಷ್ಟಿದ್ದೂ ನಷ್ಟದ ದೊಡ್ಡ ಪಾಲು ನಮ್ಮ ತಲೆಯ ಮೇಲೇ ಬಿತ್ತು. ಯಾಕೆಂದರೆ ಪಾಲಿಸಿಯಲ್ಲಿ ಬರೆದಿದ್ದ ಕಾರ್ಖಾನೆಯೇ ಬೇರೆ, ನಾವು ನಡೆಸುತ್ತಿದ್ದ ಕಾರ್ಖಾನೆಯೇ ಬೇರೆ.

ಪಾಲಿಸಿ ಮಾಡಿಸಿಕೊಟ್ಟ ಬ್ರೋಕರ್ ಪ್ರತಿ ವರ್ಷ ರಿನ್ಯೂವಲ್ ಹೊತ್ತಿಗೆ ಬರುತ್ತಿದ್ದರು. ಆಫೀಸಿನಲ್ಲಿ ಕೂರುತ್ತಿದ್ದರು. "ಹೋದ ವರ್ಷದ್ದನ್ನೇ ಹಾಕಿ, ಮೊತ್ತ ಸ್ವಲ್ಪ ಏರಿಸ್ತೀನಿ ಸರ್, ಸಾಕಾಗುತ್ತೆ" ಅನ್ನುತ್ತಿದ್ದರು. "ಒಳಗೆ ಒಂದು ಸುತ್ತು ಬನ್ನಿ, ಹೊಸ ಲೈನ್ ಹಾಕಿದ್ದೇವೆ" ಎಂದು ನಮ್ಮ ಯಜಮಾನರು ನನ್ನ ಎದುರಿಗೇ ಕರೆದಿದ್ದಾರೆ. "ಇನ್ನೊಂದು ದಿನ ಬರ್ತೀನಿ ಸರ್" ಎಂದು ಅವರು ಫಾರ್ಮ್ ಮುಂದಿಟ್ಟರು. ಆ ಇನ್ನೊಂದು ದಿನ ಬರಲೇ ಇಲ್ಲ. ಫಾರ್ಮ್‌ನಲ್ಲಿ ನಮ್ಮ ಕೆಲಸದ ವಿವರ ಅಂತ ಇದ್ದದ್ದು ಒಂದೇ ಸಾಲು: ರಟ್ಟಿನ ಪೆಟ್ಟಿಗೆ ತಯಾರಿಕೆ. ಪ್ಲಾಸ್ಟಿಕ್ ಫಿಲ್ಮ್ ಇಲ್ಲ, ಶಾಯಿಗೆ ಬೆರೆಸುವ, ಬೇಗ ಹೊತ್ತಿಕೊಳ್ಳುವ ದ್ರವದ (ಸಾಲ್ವೆಂಟ್) ಡ್ರಮ್ ಇಲ್ಲ, ಬ್ಯಾಟರಿ ಚಾರ್ಜಿಂಗ್ ಇಲ್ಲ. ಫಿಲ್ಮ್ ಪ್ರಿಂಟಿಂಗ್ ಆಗಲೇ ನಮ್ಮ ವ್ಯಾಪಾರದ ಮುಖ್ಯ ಭಾಗವಾಗಿತ್ತು.

ಬೆಂಕಿಯ ಮರುದಿನ ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದರು. ವಯಸ್ಸಾದವರು, ಕೈಯಲ್ಲಿ ಟಾರ್ಚು. ಸುಟ್ಟ ಮೂಲೆಯನ್ನು ನೋಡಿ ಫೋಟೋ ತೆಗೆದುಕೊಂಡು, ನೇರವಾಗಿ ಪ್ರಿಂಟಿಂಗ್ ಮಷೀನಿನ ಕಡೆ ಹೋದರು. ಅದಕ್ಕೆ ಬೆಂಕಿ ತಾಗಿರಲಿಲ್ಲ, ಮೇಲೆ ಮಸಿ ಮಾತ್ರ ಕೂತಿತ್ತು. ಕಂಟ್ರೋಲ್ ಪ್ಯಾನೆಲ್ ಬಾಗಿಲು ತೆಗೆಸಿದರು. ಒಳಗಿನ ಬೋರ್ಡ್ ಮೇಲೆ ಹತ್ತಿಯಿಂದ ಒರೆಸಿ ಸಣ್ಣ ಕವರಿಗೆ ಹಾಕಿಕೊಂಡರು. "ಸುಟ್ಟ ಫಿಲ್ಮ್‌ನಲ್ಲಿ ಪಿವಿಸಿ ಇತ್ತಾ?" ಎಂದು ಕೇಳಿದರು. ಇತ್ತು ಅಂದೆ. ಅವರ ಮುಖ ಗಂಭೀರವಾಯಿತು. ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಗಾಳಿಯ ತೇವದ ಜೊತೆ ಸೇರಿದರೆ ಆಮ್ಲ. ಹೊಗೆ ಹೋದ ಕಡೆಯೆಲ್ಲ ಅದೂ ಹೋಗಿ ಲೋಹವನ್ನು ತಿನ್ನಲು ಶುರು ಮಾಡುತ್ತದೆ. ಕೆಲವೇ ದಿನಗಳಲ್ಲಿ ಆ ಬೋರ್ಡಿನ ತಾಮ್ರದ ಗೆರೆಗಳು ಹಸಿರು ಬಣ್ಣಕ್ಕೆ ತಿರುಗಿದ್ದನ್ನು ನಾನೇ ನೋಡಿದೆ. ಸುಟ್ಟ ಮಾಲಿಗಿಂತ ಹೊಗೆ ತಿಂದ ಮಷೀನಿನ ಲೆಕ್ಕವೇ ದೊಡ್ಡದಾಯಿತು.

ಆಮೇಲೆ ನಮಗೆ ಸಿಗಬೇಕಾದ ಹಣಕ್ಕೆ ಕತ್ತರಿ ಆಡಲು ಶುರುವಾಯಿತು. ಮೊದಲನೆಯದು ಸ್ಟಾಕ್. ದೊಡ್ಡ ಆರ್ಡರ್ ಹೋಗುವ ತಿಂಗಳಲ್ಲಿ ನಮ್ಮ ಸ್ಟಾಕ್ ಮಾಮೂಲಿಗಿಂತ ಎಷ್ಟೋ ಪಟ್ಟು ಇರುತ್ತದೆ. ಬೆಂಕಿ ಬಿದ್ದದ್ದೂ ಅಂಥ ತಿಂಗಳಲ್ಲೇ. ವಿಮಾ ಮೊತ್ತ ಮಾತ್ರ ಸಾಧಾರಣ ತಿಂಗಳಿನದು. ಇಲ್ಲಿ ಆವರೇಜ್ ಅನ್ನುವ ಷರತ್ತು ಬರುತ್ತದೆ. ತುಂಬಾ ಜನರಿಗೆ ಇದು ಗೊತ್ತೇ ಇಲ್ಲ, ಅದಕ್ಕೇ ಲೆಕ್ಕ ಬಿಡಿಸಿ ಹೇಳುತ್ತೇನೆ. ಬೆಂಕಿ ಬಿದ್ದ ದಿನ ಗೋದಾಮಿನಲ್ಲಿ 100 ಪಾಲು ಬೆಲೆಯ ಮಾಲಿದೆ ಅಂದುಕೊಳ್ಳಿ. ವಿಮೆ ಇರುವುದು 60 ಪಾಲಿಗೆ. ಸುಟ್ಟದ್ದು 30 ಪಾಲು. ಸುಟ್ಟದ್ದು 30, ವಿಮೆ 60, ಹಾಗಾದರೆ ಪೂರ್ತಿ ಸಿಗುತ್ತದೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ ಅಲ್ವಾ? ಸಿಗುವುದು 18. ನೂರಕ್ಕೆ ಅರವತ್ತರಷ್ಟೇ ವಿಮೆ ಇದ್ದದ್ದರಿಂದ, ಆದ ನಷ್ಟದಲ್ಲೂ ನೂರಕ್ಕೆ ಅರವತ್ತೇ. ಪಾಲಿಸಿಯಲ್ಲಿ ಬರೆದ ಕಡ್ಡಾಯ ಕಡಿತ ಇನ್ನೂ ಬೇರೆ. ಸಣ್ಣ ಬೆಂಕಿಗೂ ಈ ಕತ್ತರಿ ಬೀಳುತ್ತದೆ.

ಸ್ಟಾಕ್ ಏರಿಳಿತ ಇರುವವರಿಗೆ ಡಿಕ್ಲರೇಷನ್ ಪಾಲಿಸಿ ಅಂತ ಇದೆ. ಗರಿಷ್ಠ ಸ್ಟಾಕ್ ಎಷ್ಟಾಗಬಹುದೋ ಅಷ್ಟಕ್ಕೆ ಪಾಲಿಸಿ ಮಾಡಿಸಿ, ತಿಂಗಳಿಗೊಮ್ಮೆ ಇದ್ದ ಸ್ಟಾಕ್ ತಿಳಿಸುತ್ತಾ ಹೋದರೆ ವರ್ಷದ ಕೊನೆಗೆ ಪ್ರೀಮಿಯಂ ಸರಿಹೊಂದಿಸುತ್ತಾರೆ. ನಮ್ಮ ಬ್ರೋಕರ್ ಇದರ ಹೆಸರನ್ನೇ ಎತ್ತಿರಲಿಲ್ಲ. ಎತ್ತಬೇಕಾದರೆ ಮೊದಲು "ನಿಮ್ಮ ಸ್ಟಾಕ್ ಯಾವ ತಿಂಗಳು ಜಾಸ್ತಿ?" ಅಂತ ಕೇಳಿರಬೇಕಿತ್ತು. ಆ ಒಂದು ಪ್ರಶ್ನೆ ಕೇಳಿದ್ದರೆ ನನ್ನ ಕಂಪ್ಯೂಟರಿನಲ್ಲೇ ಉತ್ತರ ಇತ್ತು.

ಎರಡನೆಯದು ಮಷೀನು. ಲೆಕ್ಕದ ಪುಸ್ತಕದಲ್ಲಿ ಸವಕಳಿ ಕಳೆದು ಉಳಿದ ಮೊತ್ತವನ್ನೇ ವಿಮಾ ಮೊತ್ತ ಅಂತ ಹಾಕಿದ್ದರು. ಪುಸ್ತಕದ ಬೆಲೆ ತೆರಿಗೆಗೆ, ಆಡಿಟ್‌ಗೆ ಬೇಕಾದದ್ದು. ಹಳೆಯ ಮಷೀನ್ ಪುಸ್ತಕದಲ್ಲಿ ಹೆಚ್ಚುಕಮ್ಮಿ ಸೊನ್ನೆಗೆ ಬಂದಿರಬಹುದು, ಆದರೆ ಅದೇ ಸಾಮರ್ಥ್ಯದ ಹೊಸದನ್ನು ತಂದು ಕೂರಿಸಬೇಕಾದರೆ ಇವತ್ತಿನ ಬೆಲೆ ಕೊಡಲೇಬೇಕು. ಸಾಗಣೆ, ಸುಂಕ, ಅಡಿಪಾಯ, ಜೋಡಣೆ ಖರ್ಚೂ ಅದರಲ್ಲಿ ಸೇರುತ್ತದೆ. ರೀಇನ್‌ಸ್ಟೇಟ್‌ಮೆಂಟ್ ಆಧಾರದ ಪಾಲಿಸಿ ಅಂದರೆ ಇದೇ. ಅಂಥ ಪಾಲಿಸಿಯಲ್ಲಿ ಹೊಸದರ ಬೆಲೆಗೇ ವಿಮೆ ಇರಬೇಕು, ಕಡಿಮೆ ಇದ್ದರೆ ಮತ್ತೆ ಅದೇ ಆವರೇಜ್. ನಮ್ಮದು ಹೆಸರಿಗೆ ರೀಇನ್‌ಸ್ಟೇಟ್‌ಮೆಂಟ್ ಪಾಲಿಸಿ, ಮೊತ್ತ ಪುಸ್ತಕದ್ದು. ಇಂಥ ಜೋಡಣೆ ಯಾರ ಕಣ್ಣಿಗೂ ಬೀಳದೆ ವರ್ಷದಿಂದ ವರ್ಷಕ್ಕೆ ನಕಲಾಗುತ್ತಾ ಬಂದಿತ್ತು.

ಗ್ರಾಹಕರು ಜಾಬ್ ವರ್ಕ್‌ಗೆ ಕಳಿಸಿದ್ದ ಫಿಲ್ಮ್ ರೋಲ್‌ಗಳೂ ಸುಟ್ಟವು. ಅವು ನಮ್ಮ ಸ್ವತ್ತಲ್ಲ, ನಮ್ಮ ವಶದಲ್ಲಿದ್ದ ಬೇರೆಯವರ ಮಾಲು. ಪಾಲಿಸಿಯಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇರಬೇಕು, ಇರಲಿಲ್ಲ. ಬೆಂಕಿ ಆರಿಸಿದ ನೀರು ಶಾಯಿ ಸಮೇತ ಪಕ್ಕದವರ ಅಂಗಳಕ್ಕೆ ಹರಿದದ್ದಕ್ಕೂ ಹೊಣೆಗಾರಿಕೆ ಪಾಲಿಸಿ ಇರಲಿಲ್ಲ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಇದ್ಯಾವುದರಿಂದಲೂ ಅಲ್ಲ. ಕೆಲಸ ನಿಂತದ್ದರಿಂದ. ಬೋರ್ಡ್‌ಗಳು ಹೊರದೇಶದಿಂದ ಬರಬೇಕಿತ್ತು. ಅಲ್ಲಿಯವರೆಗೆ ಮಷೀನ್ ನಿಂತಿತ್ತು. ಕೆಲಸಗಾರರ ಸಂಬಳ, ಸಾಲದ ಕಂತು, ಬಾಡಿಗೆ ನಿಲ್ಲಲಿಲ್ಲ. ಗ್ರಾಹಕರು ಎಷ್ಟು ದಿನ ಕಾಯುತ್ತಾರೆ? ಬೇರೆ ಕಡೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಸಾಮಾನು ಪ್ಯಾಕ್ ಆಗದೆ ನಿಂತರೆ ಅವರ ವ್ಯಾಪಾರವೂ ನಿಲ್ಲುತ್ತದೆ.

ಈ ನಷ್ಟಕ್ಕೆ ಬಿಸಿನೆಸ್ ಇಂಟರಪ್ಷನ್ ವಿಮೆ ಅಂತ ಇದೆ. ಅದನ್ನು ಮಾರುವಾಗಲೂ ಎರಡು ಕಡೆ ತಪ್ಪು ನಡೆಯುತ್ತದೆ, ಲೆಕ್ಕದವನಾಗಿ ಇದನ್ನು ಒತ್ತಿ ಹೇಳುತ್ತೇನೆ. ಒಂದು, ಗ್ರಾಸ್ ಪ್ರಾಫಿಟ್. ನಾವು ಬ್ಯಾಲೆನ್ಸ್ ಶೀಟ್ ಜೊತೆ ತೋರಿಸುವ ಗ್ರಾಸ್ ಪ್ರಾಫಿಟ್‌ನಲ್ಲಿ ತಯಾರಿಕೆಯ ಕೂಲಿ, ಕರೆಂಟು ಎಲ್ಲ ಕಳೆದಿರುತ್ತದೆ. ವಿಮೆಯವರ ಗ್ರಾಸ್ ಪ್ರಾಫಿಟ್ ಅಂದರೆ ವಹಿವಾಟಿನಿಂದ, ಕೆಲಸ ನಿಂತ ಕೂಡಲೇ ತಾನಾಗಿ ನಿಲ್ಲುವ ಖರ್ಚುಗಳನ್ನು ಮಾತ್ರ ಕಳೆದದ್ದು. ಕಚ್ಚಾ ಮಾಲು ನಿಲ್ಲುತ್ತದೆ, ಕಾಯಂ ಕೆಲಸಗಾರರ ಸಂಬಳ ನಿಲ್ಲುವುದಿಲ್ಲ. ಹಾಗಾಗಿ ವಿಮೆಯ ಅಂಕಿ ಸಾಮಾನ್ಯವಾಗಿ ದೊಡ್ಡದು. ಆಡಿಟ್ ವರದಿಯಿಂದ ಅಂಕಿ ಎತ್ತಿ ಫಾರ್ಮ್‌ಗೆ ಹಾಕಿದರೆ ಕೊರತೆ ಗ್ಯಾರಂಟಿ. ಎರಡು, ಇಂಡೆಮ್ನಿಟಿ ಪೀರಿಯಡ್. ಎಷ್ಟು ತಿಂಗಳ ನಷ್ಟದವರೆಗೆ ಕೊಡುತ್ತಾರೆ ಅನ್ನುವುದು. ಹೆಚ್ಚಿನವರು ಯೋಚಿಸದೆ 12 ತಿಂಗಳು ಅಂತ ಟಿಕ್ ಮಾಡುತ್ತಾರೆ. ಅವಶೇಷ ತೆಗೆಯುವುದು, ಕಟ್ಟಡದ ಪರವಾನಗಿ, ಕಟ್ಟುವುದು, ಮಷೀನ್ ಬರುವುದು, ಜೋಡಿಸುವುದು, ಆಮೇಲೆ ಹೋದ ಗ್ರಾಹಕರು ವಾಪಸ್ ಬಂದು ವಹಿವಾಟು ಮೊದಲಿನ ಮಟ್ಟ ಮುಟ್ಟುವುದು. ಇಷ್ಟೂ ಆ ಅವಧಿಯೊಳಗೇ ಮುಗಿಯಬೇಕು. ಕುಳಿತು ಲೆಕ್ಕ ಹಾಕಿದರೆ ಎಷ್ಟೋ ಕಾರ್ಖಾನೆಗಳಿಗೆ 18 ಅಥವಾ 24 ತಿಂಗಳು ಬೇಕಾಗುತ್ತದೆ.

ನಿಮ್ಮ ಕಟ್ಟಡಕ್ಕೆ ಏನೂ ಆಗದೆಯೂ ನೀವು ಮುಳುಗಬಹುದು, ಅದನ್ನೂ ನೋಡಬೇಕು. 2000ದ ಮಾರ್ಚ್‌ನಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಫಿಲಿಪ್ಸ್‌ನ ಚಿಪ್ ಕಾರ್ಖಾನೆಯಲ್ಲಿ ಸಿಡಿಲಿನ ಕಾರಣದಿಂದ ಸಣ್ಣ ಬೆಂಕಿಯಾಯಿತು. ನಿಮಿಷಗಳಲ್ಲೇ ಆರಿತು. ಆದರೆ ಹೊಗೆ ಮತ್ತು ನೀರು ಚಿಪ್ ತಯಾರಿಸುವ ಧೂಳಿಲ್ಲದ ಕೋಣೆಗಳನ್ನು ಕೆಡಿಸಿದವು. ಅಲ್ಲಿಂದ ಚಿಪ್ ತರಿಸುತ್ತಿದ್ದ ಮೊಬೈಲ್ ಫೋನ್ ಕಂಪನಿಗಳಲ್ಲಿ ನೋಕಿಯಾ ಬೇಗ ಬೇರೆ ದಾರಿ ಹುಡುಕಿಕೊಂಡಿತು. ಎರಿಕ್ಸನ್‌ಗೆ ಬೇರೆ ದಾರಿ ಇರಲಿಲ್ಲ, ಅದಕ್ಕೆ ಸುಮಾರು 40 ಕೋಟಿ ಡಾಲರ್ ನಷ್ಟವಾಯಿತು. ಹೀಗೆ ಪೂರೈಕೆದಾರರ ಕಡೆಯ ಅನಾಹುತಕ್ಕೂ ಪಾಲಿಸಿಗೆ ವಿಸ್ತರಣೆ ಸಿಗುತ್ತದೆ. ಆದರೆ "ಈ ಕಚ್ಚಾ ಮಾಲು ಒಬ್ಬರಿಂದಲೇ ಬರುತ್ತಾ?" ಅಂತ ಯಾರಾದರೂ ಕೇಳಬೇಕಲ್ಲ.

ಈಗ ಮುಖ್ಯ ಎಚ್ಚರಿಕೆ. ಚಾರ್ಜಿಂಗ್ ಮೂಲೆ ಮತ್ತು ಸಾಲ್ವೆಂಟ್ ಬಗ್ಗೆ ವಿಮಾ ಕಂಪನಿಗೆ ತಿಳಿಸಿಲ್ಲ, ರಿಸ್ಕ್ ಬದಲಾದದ್ದನ್ನು ಮುಚ್ಚಿಟ್ಟಿದ್ದೀರಿ ಎಂದು ನಮಗೆ ಪತ್ರ ಬಂತು. ನಮ್ಮ ಯಜಮಾನರು ಬ್ರೋಕರಿಗೆ ಫೋನಿನಲ್ಲಿ ಹೇಳಿದ್ದರು. ಆ ಬ್ರೋಕರ್ ಈಗ ನೆನಪಿಲ್ಲ ಅನ್ನುತ್ತಾರೆ. ಇದರಲ್ಲೊಂದು ಸೂಕ್ಷ್ಮ ಇದೆ: ಬ್ರೋಕರ್ ಸಾಮಾನ್ಯವಾಗಿ ಕಾನೂನಿನ ಕಣ್ಣಲ್ಲಿ ಗ್ರಾಹಕನ ಕಡೆಯವನು. ಅವರಿಗೆ ಹೇಳಿದ ಮಾತ್ರಕ್ಕೆ ಕಂಪನಿಗೆ ಹೇಳಿದ ಹಾಗೆ ಆಗುವುದಿಲ್ಲ. ಅಪಾಯಕ್ಕೆ ಸಂಬಂಧಿಸಿದ ಸಂಗತಿಗಳನ್ನು ವಿಮೆ ತಗೊಳ್ಳುವವನೇ ಹೇಳಬೇಕು ಅನ್ನುವ ನಿಯಮ ಹಳೆಯದು. 1766ರಲ್ಲಿ ಕಾರ್ಟರ್ ಮತ್ತು ಬೋಯೆಮ್ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಇದನ್ನು ಸ್ಪಷ್ಟವಾಗಿ ಹೇಳಿದರು. ಅದೇ ತೀರ್ಪಿನಲ್ಲಿ, ವಿಮೆ ಕೊಡುವವನು ತಾನು ತಿಳಿದಿರಲೇಬೇಕಾದ ಸಂಗತಿಯನ್ನು ಹೇಳಲಿಲ್ಲ ಅಂತ ದೂರುವ ಹಾಗಿಲ್ಲ ಎಂದೂ ಹೇಳಿದರು, ಆ ಮೊಕದ್ದಮೆಯಲ್ಲಿ ಸೋತವನು ವಿಮೆ ಕೊಟ್ಟವನೇ. ಆದರೆ ಈ ವಾದ ಮಾಡಲು ಕೈಯಲ್ಲಿ ಕಾಗದ ಬೇಕು. ಹಾಗಾಗಿ ಹೊಸ ಮಷೀನ್, ಹೊಸ ಕಚ್ಚಾ ಮಾಲು, ಹೊಸ ಶೆಡ್ಡು, ರಾತ್ರಿ ಪಾಳಿ, ಏನೇ ಬದಲಾದರೂ ಇಮೇಲ್ ಮಾಡಿ. ಬದಲಾವಣೆಯನ್ನು ಪಾಲಿಸಿಗೆ ಸೇರಿಸಿದ್ದೇವೆ ಎನ್ನುವ ಪತ್ರ, ಅಂದರೆ ಎಂಡಾರ್ಸ್‌ಮೆಂಟ್, ಕಂಪನಿಯಿಂದ ಬರುವವರೆಗೆ ಬಿಡಬೇಡಿ.

ಸರಿಯಾಗಿ ನೋಡುವವರು ಹೇಗೆ ನೋಡುತ್ತಾರೆ ಅನ್ನುವುದು ಬೆಂಕಿಯಾದ ಮೇಲೆ ಗೊತ್ತಾಯಿತು. ಬೇರೆ ಬ್ರೋಕರ್ ಸಂಸ್ಥೆಯಿಂದ ಇಂಜಿನಿಯರ್ ಮೇಡಂ ಒಬ್ಬರು ಬಂದರು. ಆಫೀಸಿಗೆ ಬರುವ ಮೊದಲೇ ಕಾಂಪೌಂಡ್ ಸುತ್ತಿದರು. ಪಕ್ಕದ ಕಟ್ಟಡ ಎಷ್ಟು ದೂರ, ಅಲ್ಲಿ ಏನು ಮಾಡುತ್ತಾರೆ, ಮಳೆ ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿದರು. ಗೋಡೆಯ ಪ್ಯಾನೆಲ್ ತಟ್ಟಿ ಒಳಗೆ ಫೋಮ್ ಇದೆಯಾ ಎಂದು ಕೇಳಿದರು, ಕೆಲವು ಫೋಮ್ ಪ್ಯಾನೆಲ್‌ಗಳು ಬೆಂಕಿಯನ್ನು ಒಳಗಿಂದೊಳಗೇ ಹಬ್ಬಿಸುತ್ತವಂತೆ. ಬೆಂಕಿ ಬಿದ್ದಾಗ ಮೇಲಿನಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಕೆಳಗೆ ರೋಲ್‌ಗಳನ್ನು ಪೇರಿಸಿದ ಎತ್ತರ ಅಳೆದರು, ಕನಿಷ್ಠ 45 ಸೆಂ.ಮೀ. ಖಾಲಿ ಜಾಗ ಇರಬೇಕು, ಇಲ್ಲದಿದ್ದರೆ ನೀರು ಹರಡುವುದೇ ಇಲ್ಲ ಎಂದರು. ರಟ್ಟಿಗೆಂದು ಹಾಕಿದ ಸ್ಪ್ರಿಂಕ್ಲರ್ ಪ್ಲಾಸ್ಟಿಕ್‌ಗೆ ಸಾಲದೇ ಹೋಗಬಹುದು ಅನ್ನುವುದನ್ನೂ ಅವರೇ ಹೇಳಿದ್ದು.

ಅವರು ಯಜಮಾನರಿಗಿಂತ ಜಾಸ್ತಿ ಮಾತಾಡಿದ್ದು ಸ್ಟೋರ್ ಕೀಪರ್ ಜೊತೆ. "ಅಣ್ಣಾ, ವೆಲ್ಡಿಂಗ್ ಕೆಲಸಕ್ಕೆ ಹೊರಗಿನವರು ಬಂದಾಗ ಯಾರು ನಿಂತು ನೋಡ್ತಾರೆ? ಅವರು ಹೋದ ಮೇಲೆ?" ಎಂದು ಕೇಳಿದರು. ವೆಲ್ಡಿಂಗ್ ಕಿಡಿ ಒಳಗೊಳಗೇ ಕನಲುತ್ತಿದ್ದು ತಡವಾಗಿ ಹೊತ್ತಿಕೊಳ್ಳಬಹುದು, ಕೆಲಸ ಮುಗಿದ ಮೇಲೂ ಒಂದು ಗಂಟೆಯಾದರೂ ಕಾವಲು ಬೇಕು ಎಂದು ಬರೆದುಕೊಟ್ಟರು. ನನ್ನ ಹತ್ತಿರ ಮೂರು ವರ್ಷದ ತಿಂಗಳುವಾರು ಸ್ಟಾಕ್, ಹಳೆಯ ಕ್ಲೇಮ್‌ಗಳ ಪಟ್ಟಿ, ಗ್ರಾಹಕರ ಜೊತೆಗಿನ ಕರಾರುಗಳನ್ನು ಕೇಳಿದರು. ಕರಾರು ಯಾಕೆ ಎಂದೆ. "ಬೇರೆಯವರ ಮಾಲಿನ ಹೊಣೆ ಯಾರದ್ದು ಅಂತ ಅದರಲ್ಲೇ ಬರೆದಿರುತ್ತೆ ಸರ್" ಎಂದರು. ನಿಜ, ನಮ್ಮ ಕರಾರಿನಲ್ಲಿ ಅದು ನಮ್ಮ ಹೊಣೆ ಎಂದೇ ಇತ್ತು.

ವಿಮೆ ಮಾರುವ ಗೆಳೆಯರೇ, ಇದೇ ನಿಮ್ಮ ಕೆಲಸ. ಪ್ರೀಮಿಯಂ ಕಡಿಮೆ ಮಾಡಿಸಿಕೊಡುವುದು ಆಮೇಲಿನ ಮಾತು. ಗ್ರಾಹಕರು ಖರ್ಚು ಜಾಸ್ತಿ ಎಂದು ಯಾವುದಾದರೂ ಕವರ್ ಬೇಡ ಅಂದರೆ, ಅದು ಅವರ ಹಕ್ಕು. ಆದರೆ ಏನು ಬೇಡ ಅನ್ನುತ್ತಿದ್ದಾರೆ, ಅದರಿಂದ ಏನಾಗಬಹುದು ಎಂದು ತಿಳಿಸಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಅದು ನಿಮಗೂ ರಕ್ಷಣೆ. ಒಂದು ಮಧ್ಯಾಹ್ನ ಗೋದಾಮು ಸುತ್ತಲು ಸೋಮಾರಿತನ ಮಾಡಿದರೆ ಹತ್ತಾರು ಮನೆಗಳ ಸಂಬಳ ನಿಲ್ಲುತ್ತದೆ. ನಮ್ಮಲ್ಲಿ ಕೆಲವರ ಕೆಲಸ ಹೋಯಿತು, ಅವರ ಲೆಕ್ಕ ಮುಗಿಸಿ ಕೊನೆಯ ಸಂಬಳ ಕೊಟ್ಟವನು ನಾನೇ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ವ್ಯಾಪಾರ ನಡೆಸುವವರು ರಿನ್ಯೂವಲ್ ತಾರೀಖಿಗೆ ಕಾಯಬೇಕಾಗಿಲ್ಲ. ಕಂಪನಿಗೆ ಹೋದ ಪ್ರಪೋಸಲ್ ಫಾರ್ಮ್‌ನ ನಕಲನ್ನು ಈಗಲೇ ಕೇಳಿ. ಪಾಲಿಸಿ ಅಲ್ಲ, ಫಾರ್ಮ್. ನಿಮ್ಮ ಹೆಸರಿನಲ್ಲಿ ಏನು ಹೇಳಿದ್ದಾರೆ ಅನ್ನುವುದು ಅದರಲ್ಲಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು, ಸ್ಟೋರ್ ಕೀಪರನ್ನು ಜೊತೆಗೆ ಕರೆದುಕೊಂಡು, ಗೇಟಿನಿಂದ ಹಿಂದಿನ ಗೋಡೆಯವರೆಗೆ ನಡೆಯಿರಿ. ಫಾರ್ಮ್‌ನಲ್ಲಿ ಇಲ್ಲದ್ದು ಏನೇ ಕಂಡರೂ ಫೋಟೋ ತೆಗೆದು, ಬ್ರೋಕರ್ ಮತ್ತು ಕಂಪನಿ ಇಬ್ಬರಿಗೂ ಒಂದೇ ಇಮೇಲ್‌ನಲ್ಲಿ ಕಳಿಸಿ, ಉತ್ತರ ಬರಹದಲ್ಲೇ ಬೇಕು ಎಂದು ಕೇಳಿ.