ಐದು ಮಳೆಗಾಲ ಕಂಡ ಎಂಜಿನ್: ನಮ್ಮ ಅಂಬಾಸಿಡರ್ ಕಾರಿನ ಎಂಜಿನ್ ಕಟ್ಟಿಸಿದ ಗ್ಯಾರೇಜಿನ ಬಗ್ಗೆ

ನಮ್ಮ ಮನೆಯ ಗಾಡಿ 1984ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್. ಶಿರಸಿ ಸಮೀಪದ ನಮ್ಮ ತೋಟದ ಮನೆಗೆ ತಂದೆಯವರು ಇದನ್ನು ತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಇದರ ಎಂಜಿನನ್ನು ಕುಮಟಾದ ಒಂದು ಸಣ್ಣ ಗ್ಯಾರೇಜಿನಲ್ಲಿ ಪೂರ್ತಿ ಬಿಚ್ಚಿಸಿ ಕಟ್ಟಿಸಿ, 2021ರ ಏಪ್ರಿಲ್‌ನಲ್ಲಿ ಮನೆಗೆ ತಂದೆ. ಅಂದಿನಿಂದ ಇಂದಿನವರೆಗೆ 26,000 ಕಿಲೋಮೀಟರ್ ಓಡಿಸಿದ್ದೇನೆ. ಎಂಜಿನ್ ಕೆಲಸದ ಒಳಿತು ಕೆಡುಕು ಗಾಡಿ ಗ್ಯಾರೇಜಿನಿಂದ ಹೊರಬಂದ ದಿನ ತಿಳಿಯುವುದಿಲ್ಲ. ಹಳೆಯ ಬೋರಿಗೆ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಗೆ) ಬರೀ ಹೊಸ ಪಿಸ್ಟನ್ ರಿಂಗ್ ಹಾಕಿದ ಎಂಜಿನ್ನೂ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಓಡುತ್ತದೆ. ಅದಕ್ಕಾಗಿಯೇ ಇಷ್ಟು ವರ್ಷ ಕಾದು ಈಗ ಬರೆಯುತ್ತಿದ್ದೇನೆ. ಮೇಸ್ತ್ರಿಯವರು ತಮ್ಮ ಹೆಸರನ್ನಾಗಲಿ ಗ್ಯಾರೇಜಿನ ಹೆಸರನ್ನಾಗಲಿ ಬರೆಯಬಾರದೆಂದು ಕೇಳಿಕೊಂಡಿದ್ದಾರೆ. ಒಪ್ಪಿಕೊಂಡ ಕೆಲಸವೇ ಕೈತುಂಬ ಇರುವಾಗ ಇನ್ನಷ್ಟು ಜನರನ್ನು ಕಾಯಿಸುವುದು ಅವರಿಗೆ ಇಷ್ಟವಿಲ್ಲ.

ಕುಮಟಾಕ್ಕೆ ಹೋಗುವ ಮೊದಲು ನಾನು ಒಮ್ಮೆ ಮೋಸ ಹೋಗಿದ್ದೆ. 2016ರಲ್ಲಿ ಜಿಲ್ಲೆಯ ಹೊರಗಿನ ಒಂದು ಗ್ಯಾರೇಜಿನಲ್ಲಿ ಇದೇ ಎಂಜಿನ್ನಿಗೆ ಕೆಲಸ ಮಾಡಿಸಿದಾಗ, ಬಿಲ್ಲಿನಲ್ಲಿ ‘40 ಸೈಜ್ ಬೋರ್, ಹೊಸ ಪಿಸ್ಟನ್ ನಾಲ್ಕು’ ಎಂದು ಬರೆದು ಹಣ ಪಡೆದಿದ್ದರು. 40 ಸೈಜ್ ಎಂದರೆ ಸಿಲಿಂಡರನ್ನು ಕಂಪನಿಯ ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ ನಲವತ್ತು ಭಾಗದಷ್ಟು ದೊಡ್ಡದು ಮಾಡಿ, ಅದಕ್ಕೆ ಹೊಂದುವ ಪಿಸ್ಟನ್ ಹಾಕುವುದು. ಎರಡು ವರ್ಷ ಕಳೆಯುವಷ್ಟರಲ್ಲಿ, ಎಂಜಿನ್ ಎಣ್ಣೆ ಉರಿದಾಗ ಬರುವ ನೀಲಿ ಹೊಗೆ ಮರಳಿತು. 2020ರ ಮಳೆಗಾಲ ಮುಗಿದ ಮೇಲೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಹಿಂದಿನ ವಾಹನದವರು ಹಾರ್ನ್ ಹೊಡೆದು ನಿಲ್ಲಿಸಿ, ಗಾಡಿಗೆ ಬೆಂಕಿ ಬಿದ್ದಿರಬಹುದು ನೋಡಿ ಎಂದರು. ಅಷ್ಟು ಹೊಗೆಯಿತ್ತು.

ಕುಮಟಾದ ಮೇಸ್ತ್ರಿಯವರು ಮೊದಲ ದಿನ ಎಂಜಿನ್ನಿಗೆ ಪಾನಾ ಹಚ್ಚಲೇ ಇಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ (ಪಿಸ್ಟನ್ ಮೇಲೇರಿದಾಗ ಒಳಗೆ ಏಳುವ ಒತ್ತಡ) ನೋಡಿ 70, 65, 90, 60 ಪೌಂಡ್ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದರು. ಎಂಜಿನ್ ನಂಬರಿನ ಫೋಟೊ ತೆಗೆದು, ಅದನ್ನು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಿದರು. ಈ ನಂಬರಿನ ವಿಷಯವನ್ನು ಹಲವರು ಲಘುವಾಗಿ ಕಾಣುತ್ತಾರೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾಗುತ್ತದೆ. ರಿಪೇರಿಗೆ ಕೊಟ್ಟ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ) ಬದಲು ಬೇರೆ ಬ್ಲಾಕ್ ಬಂದಿದ್ದರೆ ಅದು ಗೊತ್ತಾಗುವುದು ಆರ್‌ಟಿಓ ಕಚೇರಿಯಲ್ಲಿ, ಬಹಳ ತಡವಾಗಿ.

ಬಿಚ್ಚುವ ದಿನ ನನ್ನನ್ನು ಬರಹೇಳಿದ್ದರು. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ತೆಗೆದ ಮೇಲೆ ಪಿಸ್ಟನ್‌ಗಳ ತಲೆಯ ಮೇಲೆ ದಪ್ಪ ಮಸಿ ಕಟ್ಟಿತ್ತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯೊಂದನ್ನು ನನ್ನ ಕೈಗೆ ಕೊಟ್ಟು, “ಹೆಗಡೇರೆ, ಇದನ್ನು ನೀವೇ ಒರೆಸಿ ನೋಡಿ” ಎಂದರು. ಒರೆಸುತ್ತ ಹೋದಂತೆ ಅಲ್ಯುಮಿನಿಯಂ ಮೇಲೆ ಒತ್ತಿದ ಮೂರು ಅಂಕಿಗಳು ಕಂಡವು: 020. ನಾಲ್ಕರಲ್ಲೂ ಅದೇ. ಅಂದರೆ ತೊಂಬತ್ತರ ದಶಕದಲ್ಲಿ ತಂದೆಯವರು ಹಾಕಿಸಿದ್ದ 20 ಸೈಜ್ ಪಿಸ್ಟನ್‌ಗಳೇ ಇನ್ನೂ ಒಳಗಿದ್ದವು. 2016ರಲ್ಲಿ ರಿಂಗ್ ಮಾತ್ರ ಬದಲಾಗಿತ್ತು. ಮೇಸ್ತ್ರಿಯವರು ಆ ಗ್ಯಾರೇಜಿನ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಪಿಸ್ಟನ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ನನ್ನ ಹೆಸರು ಬರೆದು ಇಟ್ಟರು. ಬದಲಾದ ಪ್ರತಿಯೊಂದು ಭಾಗವೂ ಕೊನೆಯಲ್ಲಿ ಅದೇ ಡಬ್ಬಿಯಲ್ಲಿ ನನ್ನ ಮನೆಗೆ ಬಂತು. ಗ್ರಾಹಕನು ಹಳೆಯ ಸಾಮಾನು ಕೇಳುವ ಮೊದಲೇ ಕೊಡುವ ಗ್ಯಾರೇಜನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಳತೆಯ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಈ ಗ್ಯಾರೇಜಿನ ಬೆಲೆ ಇರುವುದು ಅಲ್ಲಿಯೇ. ಈ ಎಂಜಿನ್ ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. 1489 ಸಿಸಿ, ಬೋರ್ 73.025 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 88.9 ಮಿಲಿಮೀಟರ್, ಪಿಸ್ಟನ್‌ಗಳ ಓಡಾಟವನ್ನು ತಿರುಗುವಿಕೆಯಾಗಿ ಬದಲಿಸುವ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಮೇಸ್ತ್ರಿಯವರು ಒಂದೊಂದು ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ, ಪ್ರತಿ ಕಡೆಯಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆದು, ಒಟ್ಟು 24 ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದರು. ಸಿಲಿಂಡರು ಒಂದೇ ಸಮನೆ ಸವೆಯುವುದಿಲ್ಲ. ರಿಂಗ್ ಮೇಲಕ್ಕೆ ಹೋಗಿ ತಿರುಗುವ ಜಾಗದಲ್ಲಿ, ಅದರಲ್ಲೂ ಪಿಸ್ಟನ್ ಒತ್ತುವ ಪಕ್ಕದಲ್ಲಿ, ಹೆಚ್ಚು ಸವೆಯುತ್ತದೆ. ನಮ್ಮ ಗಾಡಿಯ ನಾಲ್ಕನೆಯ ಸಿಲಿಂಡರಿನಲ್ಲಿ ಮೇಲಿಗೂ ಕೆಳಗಿಗೂ ಇಂಚಿನ ಸಾವಿರದಲ್ಲಿ ಏಳು ಭಾಗ ವ್ಯತ್ಯಾಸವಿತ್ತು. ಅಂಥ ಗೋಡೆಗೆ ಹೊಸ ರಿಂಗ್ ಕೂರುವುದು ಸಾಧ್ಯವೇ ಇಲ್ಲ ಎಂಬುದನ್ನು ಅವರು ಹೇಳಬೇಕಾಗಲಿಲ್ಲ, ಆ ಪುಟವೇ ಹೇಳುತ್ತಿತ್ತು.

ಮುಂದೆ ಎರಡು ದಾರಿಗಳಿದ್ದವು. 40 ಸೈಜಿಗೆ ಬೋರ್ ಮಾಡಿಸಿದರೆ ಖರ್ಚು ಕಡಿಮೆ, ಎಂಜಿನ್ 1531 ಸಿಸಿಯ ಆಸುಪಾಸಿಗೆ ಬರುತ್ತದೆ; ಆದರೆ ಈ ಎಂಜಿನ್ನಿಗೆ ಕಂಪನಿ ಕೊಡುತ್ತಿದ್ದ ಕೊನೆಯ ಸೈಜ್ ಅದೇ ಆದ್ದರಿಂದ ಇನ್ನೊಮ್ಮೆ ಸವೆದಾಗ ಕೊರೆಯಲು ಅವಕಾಶ ಉಳಿಯುವುದಿಲ್ಲ. ಇನ್ನೊಂದು, ನಾಲ್ಕೂ ಸಿಲಿಂಡರಿಗೆ ಸ್ಲೀವ್, ಅಂದರೆ ಒಳಗೋಡೆಯಾಗುವ ಹೊಸ ಕೊಳವೆ, ಕೂರಿಸಿ ಮತ್ತೆ ಮೂಲ ಅಳತೆಗೆ ತರುವುದು. ಸ್ಲೀವ್ ಕೆಲಸ ನಡೆಯುವುದು ಹುಬ್ಬಳ್ಳಿಯ ಲೇತ್ ಅಂಗಡಿಯಲ್ಲಿ. ಅದರಿಂದ ಮೇಸ್ತ್ರಿಯವರಿಗೆ ಹೆಚ್ಚಿನ ಲಾಭವೇನೂ ಇಲ್ಲ, ಬ್ಲಾಕ್ ಒಯ್ದು ತರುವ ತಾಪತ್ರಯವೇ ಹೆಚ್ಚು. ಎರಡರ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಟ್ಟು, ಗಾಡಿಯನ್ನು ಮಗನಿಗೆ ಉಳಿಸುವುದಾದರೆ ಸ್ಲೀವ್ ಮಾಡಿಸಿ, ಐದಾರು ವರ್ಷದಲ್ಲಿ ಮಾರುವುದಾದರೆ ಆ ಖರ್ಚು ಬೇಡ ಎಂದರು. ನಾನು ಸ್ಲೀವ್ ಆರಿಸಿಕೊಂಡೆ. ಕ್ರ್ಯಾಂಕನ್ನು ಬಿರುಕಿದೆಯೇ ಎಂದು ಪರೀಕ್ಷೆ ಮಾಡಿಸಿ 30 ಸೈಜಿಗೆ, ಅಂದರೆ ಇಂಚಿನ ಸಾವಿರದಲ್ಲಿ ಮೂವತ್ತು ಭಾಗ ಸಣ್ಣದಾಗುವಂತೆ, ಗ್ರೈಂಡ್ ಮಾಡಿಸಿದರು. ಸ್ಟ್ಯಾಂಡರ್ಡ್ ಪಿಸ್ಟನ್ ಸೆಟ್ ಹುಡುಕುವುದಕ್ಕೇ ಮೂರು ವಾರ ಹಿಡಿಯಿತು. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಮುಚ್ಚಿದ ಮೇಲೆ ಒಳ್ಳೆಯ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಕ್ರ್ಯಾಂಕ್ ಕೂರಿಸುವ ದಿನವನ್ನು ನಾನು ಮರೆಯುವುದಿಲ್ಲ. ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವೆ ಎಣ್ಣೆಗೆ ಬೇಕಾದ ಸಂದು ಎಷ್ಟಿದೆ ಎಂದು ನೋಡಲು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಹಸಿರು ಎಳೆ ಬರುತ್ತದೆ. ಹೊಲಿಗೆಯ ದಾರದಷ್ಟು ಸಣ್ಣ ತುಂಡನ್ನು ಕ್ರ್ಯಾಂಕಿನ ಮೇಲೆ ಇಟ್ಟು, ಬೇರಿಂಗಿನ ಕ್ಯಾಪ್ ಮುಚ್ಚಿ, ಇಟ್ಟ ಅಳತೆಯಷ್ಟೇ ಬಿಗಿಯಾದಾಗ ಕ್ಲಿಕ್ ಎನ್ನುವ ಟಾರ್ಕ್ ರೆಂಚಿನಲ್ಲಿ ಬಿಗಿದು, ಕ್ರ್ಯಾಂಕ್ ಒಂದಿಷ್ಟೂ ತಿರುಗದಂತೆ ನೋಡಿಕೊಂಡು ಮತ್ತೆ ಬಿಚ್ಚಿದರು. ಎಳೆ ಚಪ್ಪಟೆಯಾಗಿ ಹಸಿರು ಪಟ್ಟಿಯಂತೆ ಅಂಟಿತ್ತು. ಅದು ಬಂದ ಕಾಗದದ ಮೇಲೆಯೇ ಅಳತೆಯ ಗೆರೆಗಳಿರುತ್ತವೆ. ಪಟ್ಟಿ ಅಗಲವಾದಷ್ಟೂ ಸಂದು ಕಡಿಮೆ. ಮೊದಲ ಎರಡು ಬೇರಿಂಗುಗಳಲ್ಲಿ ಪಟ್ಟಿ ಇಂಚಿನ ಸಾವಿರದಲ್ಲಿ ಎರಡು ಭಾಗದ ಗೆರೆಗೆ ಸರಿಯಾಗಿ ಕೂತಿತು. ಮೂರನೆಯದರಲ್ಲಿ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು, ಅಂದರೆ ಸಂದು ಸಮನಾಗಿಲ್ಲ. ಮೇಸ್ತ್ರಿಯವರು ಏನೂ ಮಾತಾಡದೆ ಕ್ರ್ಯಾಂಕನ್ನು ಹೊರಗೆತ್ತಿ, ಬಟ್ಟೆಯಲ್ಲಿ ಸುತ್ತಿ, ಮರುದಿನ ಬೆಳಿಗ್ಗೆಯೇ ಹುಬ್ಬಳ್ಳಿಗೆ ವಾಪಸು ಕಳಿಸಿದರು. ಹತ್ತು ದಿನ ತಡವಾಯಿತು. ಅಂದು ನಾನು ಅಲ್ಲಿ ಇರದಿದ್ದರೂ ಅವರು ಅದನ್ನೇ ಮಾಡುತ್ತಿದ್ದರೆಂದು ಇಂದು ಖಚಿತವಾಗಿ ಹೇಳಬಲ್ಲೆ. ಹಾಗೆ ಹೇಳಲು ಕಾರಣವಾದ ಘಟನೆ ಗಾಡಿ ಮನೆಗೆ ಬಂದ ಐದು ತಿಂಗಳ ನಂತರ ನಡೆಯಿತು.

ಅದಕ್ಕೂ ಮೊದಲು ಹಣದ ವಿಷಯ. ಅಂದಾಜು 78,000 ರೂಪಾಯಿ. ಕೊನೆಯ ಬಿಲ್ಲು 83,600. ನಡುವೆ ಹೆಚ್ಚಾದ ಮೊತ್ತಕ್ಕೆ ಮೂರು ಬಾರಿ ಫೋನ್ ಮಾಡಿ ಒಪ್ಪಿಗೆ ಕೇಳಿದ್ದರು. ಅದರಲ್ಲಿ ದೊಡ್ಡದು ಹೆಡ್ಡಿನದು. ನಮ್ಮ ದೇಶದಲ್ಲಿ 2000ದ ಹೊತ್ತಿಗೆ ಸೀಸ ಬೆರೆಸಿದ ಪೆಟ್ರೋಲ್ ನಿಂತುಹೋಯಿತು. ಅದಕ್ಕೂ ಹಿಂದಿನ ಎಂಜಿನ್‌ಗಳಲ್ಲಿ ವಾಲ್ವ್ ಬಂದು ಕೂರುವ ಜಾಗಕ್ಕೆ, ಅಂದರೆ ವಾಲ್ವ್ ಸೀಟಿಗೆ, ಆ ಸೀಸವೇ ರಕ್ಷಣೆಯಾಗಿತ್ತು. ಅದಿಲ್ಲದೆ ಎಕ್ಸಾಸ್ಟ್ ಸೀಟುಗಳು ತಗ್ಗು ಬಿದ್ದಿದ್ದವು, ಗಟ್ಟಿ ಲೋಹದ ಹೊಸ ಸೀಟ್ ಕೂರಿಸಬೇಕಾಯಿತು. ಒಂದು ಕೊರತೆಯನ್ನು ಅವರು ಅಂದಾಜು ಪಟ್ಟಿಯಲ್ಲಿಯೇ ಬರೆದುಕೊಟ್ಟಿದ್ದರು: ಹಿಂದಿನ ಮೇನ್ ಬೇರಿಂಗಿನ ಕಡೆಯಿಂದ ಎಣ್ಣೆ ಹನಿಯುವುದು ನಿಲ್ಲುವುದಿಲ್ಲ. ಈ ಎಂಜಿನ್ನಿನಲ್ಲಿ ಅಲ್ಲಿ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಒಳಕ್ಕೆ ಮರಳಿಸುವ, ಸ್ಕ್ರೂವಿನ ಸುತ್ತುಗಳಂಥ ಕೊರೆತ ಮಾತ್ರ ಇದೆ. ಹೇಳಿದಂತೆಯೇ ಹನಿಯುತ್ತಿದೆ, ಗಾಡಿ ನಿಲ್ಲಿಸುವಲ್ಲಿ ಒಂದು ರಟ್ಟು ಹಾಸಿಟ್ಟಿದ್ದೇನೆ, ವಾರಕ್ಕೆ ಅಂಗೈಯಗಲದ ಕಲೆ.

2021ರ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಮೇಸ್ತ್ರಿಯವರೇ ಫೋನ್ ಮಾಡಿದರು. ಹೊಸದೊಂದು ಟಾರ್ಕ್ ರೆಂಚ್ ಕೊಂಡು ಹಳೆಯದರೊಂದಿಗೆ ಹೋಲಿಸಿದಾಗ, ಹಳೆಯದು ಇಟ್ಟ ಅಳತೆಗಿಂತ ಕಡಿಮೆ ಬಿಗಿಯಲ್ಲಿಯೇ ಕ್ಲಿಕ್ ಎನ್ನುತ್ತಿದೆ ಎಂಬುದು ಗೊತ್ತಾಯಿತಂತೆ. “ನಿಮ್ಮ ಹೆಡ್ ಬಿಗಿ ಮಾಡಿದ್ದು ಅದರಲ್ಲೇ. ನಾನು ಬಂದು ಸರಿ ಮಾಡುವವರೆಗೆ ಘಟ್ಟ ಇಳಿಯಬೇಡಿ” ಎಂದರು. ನನ್ನ ಗಾಡಿಯಲ್ಲಿ ಆಗ ಯಾವ ದೋಷವೂ ಕಂಡಿರಲಿಲ್ಲ. ನೀರು ಕಡಿಮೆಯಾಗುತ್ತಿರಲಿಲ್ಲ, ಬಿಸಿಯಾಗುತ್ತಿರಲಿಲ್ಲ. ಅವರು ಸುಮ್ಮನಿದ್ದಿದ್ದರೆ ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಮುಂದೆ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಹೋಗಿದ್ದರೂ ನಾನು ಹಳೆಯ ಗಾಡಿಯೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅದೇ ರೆಂಚಿನಲ್ಲಿ ಕಟ್ಟಿದ ಇನ್ನೆರಡು ಎಂಜಿನ್‌ಗಳ ಮಾಲೀಕರಿಗೂ ಅಂದೇ ಫೋನ್ ಮಾಡಿದ್ದರು. ಭಾನುವಾರ ಮಳೆಯಲ್ಲಿಯೇ ಶಿರಸಿಗೆ ಹತ್ತಿ ಬಂದು, ಎಂಜಿನ್ ತಣ್ಣಗಿರುವಾಗಲೇ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಕ್ರಮವಾಗಿ ಮತ್ತೆ ಬಿಗಿದು, ವಾಲ್ವ್‌ಗಳ ಟ್ಯಾಪೆಟ್ ಸಂದು ಹೊಸದಾಗಿ ಹೊಂದಿಸಿ, ನೋಟ್‌ಬುಕ್ಕಿನ ನನ್ನ ಪುಟದಲ್ಲಿ ತಮ್ಮ ತಪ್ಪನ್ನು ತಾರೀಖು ಸಹಿತ ಬರೆದರು. ನಮ್ಮಲ್ಲಿ ಊಟ ಮಾಡಿದರು, ಹಣ ಮುಟ್ಟಲಿಲ್ಲ.

ಆಕ್ಷೇಪಗಳೂ ಇವೆ. ಮೂರು ತಿಂಗಳು ಎಂದ ಕೆಲಸಕ್ಕೆ ಐದು ತಿಂಗಳು ಹಿಡಿಯಿತು. ಕೈಯಲ್ಲಿ ಕೆಲಸವಿರುವಾಗ ಫೋನ್ ಎತ್ತುವುದಿಲ್ಲ. ಎಲ್ಲಿಗೆ ಬಂತು ಎಂದು ಕೇಳಲು ನಾನು ಎರಡು ಸಲ ಸುಮ್ಮನೆ ಘಟ್ಟ ಇಳಿದಿದ್ದೇನೆ. ಡೈನಮೋ, ವೈರಿಂಗ್ ಇವುಗಳನ್ನು ಅವರು ಮುಟ್ಟುವುದಿಲ್ಲ, ಅದಕ್ಕೆ ಬೇರೆಯವರನ್ನು ನೋಡಿಕೊಳ್ಳಬೇಕು. ದಿನನಿತ್ಯ ಗಾಡಿ ಬೇಕಾದವರಿಗೆ ಈ ಗ್ಯಾರೇಜು ಹೇಳಿ ಮಾಡಿಸಿದ್ದಲ್ಲ.

ಮೊದಲ 800 ಕಿಲೋಮೀಟರಿಗೆ ಅವರು ಕೊಟ್ಟ ಸೂಚನೆ ಇತರರಿಗೂ ಉಪಯೋಗವಾಗಬಹುದು. 60ರ ವೇಗ ಮೀರಬಾರದು. ಹಾಗೆಂದು ಒಂದೇ ವೇಗದಲ್ಲಿ ತೀರಾ ಮೆಲ್ಲಗೆ ಓಡಿಸಲೂಬಾರದು, ಏಕೆಂದರೆ ಒತ್ತಡ ಬೀಳದಿದ್ದರೆ ರಿಂಗ್ ಗೋಡೆಗೆ ಕೂರುವುದಿಲ್ಲ, ಗೋಡೆ ನುಣುಪಾಗಿ ಎಣ್ಣೆ ತಿನ್ನಲು ತೊಡಗುತ್ತದೆ. ಘಟ್ಟದಲ್ಲಿ ಟಾಪ್ ಗೇರಿನಲ್ಲಿ ಎಳೆಸದೆ ಮೊದಲೇ ಗೇರ್ ಇಳಿಸಬೇಕು. 500 ಕಿಲೋಮೀಟರಿಗೆ ತೆಗೆದ ಮೊದಲ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಕಣ್ಣಿಗೆ ಕಾಣುವ ಲೋಹದ ಚೂರಿರಲಿಲ್ಲ. 2023ರಿಂದ ಹಂತಹಂತವಾಗಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬರತೊಡಗಿದಾಗ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಮತ್ತು ರಬ್ಬರ್ ಪೈಪುಗಳನ್ನು ಬದಲಿಸಿಕೊಟ್ಟು, ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ ನಿಲ್ಲಿಸಿ ಎಂದರು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕಡೆಯ ಜುಲೈ ತಿಂಗಳಲ್ಲಿ ತೇವಕ್ಕೇನೂ ಕೊರತೆಯಿಲ್ಲ.

ಎಂಜಿನ್ ಕಟ್ಟಿದಾಗ ಕಂಪ್ರೆಶನ್ 125ರಿಂದ 130 ಪೌಂಡ್ ಇತ್ತು. ಈ ಅಕ್ಟೋಬರ್‌ನಲ್ಲಿ ನೋಡಿದಾಗ ನಾಲ್ಕೂ 122ರಿಂದ 128ರ ಒಳಗಿವೆ. ಲೀಟರಿಗೆ 9 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 11 ದಾಟುತ್ತದೆ, 2,000 ಕಿಲೋಮೀಟರಿಗೆ ಅರ್ಧ ಲೀಟರ್ ಎಣ್ಣೆ ಬೇಡುತ್ತದೆ. ಕಾಮಗಾರಿಗಾಗಿ ದೇವಿಮನೆ ಘಟ್ಟ ಮುಚ್ಚಿದ್ದ ದಿನಗಳಲ್ಲಿ ದೊಡ್ಮನೆ ಘಟ್ಟ ಸುತ್ತಿ ಕುಮಟಾಕ್ಕೆ ಹೋಗಿ ಬಂದಿದ್ದೇನೆ, ಆ ತಿರುವುಗಳಲ್ಲೂ ಬಿಸಿಯ ಮುಳ್ಳು ನಡುವನ್ನು ದಾಟಲಿಲ್ಲ. ಕಳೆದ ತಿಂಗಳು ನನ್ನ ಭಾವನವರು ತಮ್ಮ ಪದ್ಮಿನಿ ಕಾರಿನ ಎಂಜಿನ್ ಬಗ್ಗೆ ಕೇಳಿದಾಗ ಅವರನ್ನು ಅಲ್ಲಿಗೇ ಕರೆದೊಯ್ದೆ. ಮೇಸ್ತ್ರಿಯವರು ಕಂಪ್ರೆಶನ್ ನೋಡಿ, ರಿಂಗಿನ ದೋಷವಲ್ಲ, ವಾಲ್ವ್ ಉಜ್ಜಿದರೆ ಸಾಕು, ಎಂಜಿನ್ ಬಿಚ್ಚುವುದು ಬೇಡ ಎಂದು ಹೇಳಿ, ಪರೀಕ್ಷೆಗೆ 300 ರೂಪಾಯಿ ತೆಗೆದುಕೊಂಡು ಕಳಿಸಿದರು.