ಕಲ್ಲಿಕೋಟೆಯ ವಾಸ್ಕೋ ಡ ಗಾಮ ಟೂರ್: ವ್ಯಾನು ಚೆನ್ನಾಗಿದೆ, ಕಥೆ ಅರ್ಧಂಬರ್ಧ

ದಸರಾ ರಜೆಯಲ್ಲಿ ಹೆಂಡತಿ, ಮಗಳ ಜೊತೆ ಕಲ್ಲಿಕೋಟೆಗೆ ಹೋಗಿದ್ದೆ. ಮಗಳು ಏಳನೇ ಕ್ಲಾಸು. 1498, ವಾಸ್ಕೋ ಡ ಗಾಮ, ಜಲಮಾರ್ಗ ಅಂತೆಲ್ಲ ಬಾಯಿಪಾಠ ಮಾಡಿದ್ದಾಳೆ. ಹಾಗಾಗಿ ಅವನು ಬಂದಿಳಿದ ಜಾಗ ತೋರಿಸುವ ಒಂದು ದಿನದ ಟೂರ್ ಬುಕ್ ಮಾಡಿದೆ. ತಲೆಗೆ 1,400 ರೂಪಾಯಿ, ಊಟ ಸೇರಿ. ಟ್ರಾವೆಲ್ಸ್ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಇದು ಅವರೊಬ್ಬರದೇ ತಪ್ಪಲ್ಲ. ಹೋಗುವ ಮುಂಚೆ ನಾನು ವಿಚಾರಿಸಿದ ಬೇರೆ ಪ್ಯಾಕೇಜುಗಳಲ್ಲೂ ಹೆಚ್ಚುಕಡಿಮೆ ಇವೇ ಜಾಗಗಳು ಇದ್ದವು.

ಮೊದಲು ಒಳ್ಳೆಯದು ಹೇಳಿಬಿಡ್ತೀನಿ. 7:30 ಅಂದರೆ 7:30ಕ್ಕೇ ವ್ಯಾನ್ ಲಾಡ್ಜ್ ಮುಂದೆ ನಿಂತಿತ್ತು. ಎಸಿ ಸರಿಯಾಗಿತ್ತು, ಡ್ರೈವರ್ ನಿಧಾನಸ್ಥ. ತಿಂಡಿಗೆ ಪುಟ್ಟು, ಕಡಲೆ ಕರಿ. ಮಧ್ಯಾಹ್ನ ಮೀನೂಟ, ಅದರ ಬಗ್ಗೆ ಎರಡು ಮಾತಿಲ್ಲ. ಗೈಡ್ ಹುಡುಗ ಒಳ್ಳೆಯವನು, ನನ್ನ ಹೆಂಡತಿಗೆ ಮರಳಲ್ಲಿ ನಡೆಯೋಕೆ ಕಷ್ಟ ಆದಾಗ ಕೈ ಹಿಡಿದು ಕರ್ಕೊಂಡು ಹೋದ.

ತೊಂದರೆ ಶುರುವಾಗಿದ್ದು ಕಾಪ್ಪಾಡಿನ ಕಲ್ಲಿನ ಹತ್ತಿರ. ಊರಿಂದ ಉತ್ತರಕ್ಕೆ ಸುಮಾರು 16 ಕಿಲೋಮೀಟರ್. ಸಮುದ್ರದ ಪಕ್ಕ ಒಂದು ಸಣ್ಣ ಕಂಬ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ, ಕಪ್ಪಕಡವಿನಲ್ಲಿ, ಬಂದಿಳಿದ ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಗೈಡ್ ಅಲ್ಲಿ ನಿಂತು, ಇವನು ಬಂದ ಮೇಲೇ ಭಾರತ ಜಗತ್ತಿಗೆ ಗೊತ್ತಾಗಿದ್ದು ಅಂದ. ಮಗಳು ಸುಮ್ನೆ ಇರಲಿಲ್ಲ. "ಅಂಕಲ್, ಗೊತ್ತೇ ಇರಲಿಲ್ಲ ಅಂದ್ರೆ ಮೆಣಸು ಹುಡ್ಕೊಂಡು ಯಾಕೆ ಬಂದ?" ಅಂತ ಕೇಳಿದಳು. ಅವನು ನಕ್ಕು, ಎಲ್ಲರೂ ಫೋಟೋ ತೆಗೆಸಿಕೊಳ್ಳಿ ಅಂತ ಮುಂದೆ ಹೋದ.

ಆ ಪ್ರಶ್ನೆಗೆ ಉತ್ತರ ಇದೆ. ಗಾಮನ ಜೊತೆ ಹಡಗಲ್ಲಿ ಬಂದವನೊಬ್ಬ ಬರೆದಿಟ್ಟ ದಿನಚರಿ ಇವತ್ತಿಗೂ ಉಳಿದಿದೆ. ಅದರ ಪ್ರಕಾರ, ಹಡಗಿನಿಂದ ಮೊದಲು ದಡಕ್ಕೆ ಕಳಿಸಿದ ಮನುಷ್ಯನಿಗೆ ಕಲ್ಲಿಕೋಟೆಯಲ್ಲಿ ಸಿಕ್ಕಿದ್ದು ಉತ್ತರ ಆಫ್ರಿಕಾದ ಟ್ಯುನಿಸ್ ಊರಿನ ಇಬ್ಬರು ವ್ಯಾಪಾರಿಗಳು. ಅವರಿಗೆ ಸ್ಪೇನಿನ ಭಾಷೆ ಬರುತ್ತಿತ್ತು! ನಿನ್ನನ್ನು ಇಲ್ಲಿಗೆ ಯಾವ ದೆವ್ವ ತಂದು ಹಾಕಿತು ಅನ್ನೋ ಧಾಟಿಯಲ್ಲೇ ಅವನನ್ನು ಮಾತಾಡಿಸಿದರು. ಆಗಲೇ ಅಷ್ಟು ದೂರದ ಜನ ಬಂದು ವ್ಯಾಪಾರ ಮಾಡಿಕೊಂಡಿದ್ದ ಊರನ್ನು ಇವನು ಕಂಡುಹಿಡಿಯೋದು ಹೇಗೆ? ಆಫ್ರಿಕಾ ಸುತ್ತಿಕೊಂಡು ಯುರೋಪಿನಿಂದ ಬರುವ ದಾರಿ ಹೊಸದು, ಅದು ಸಣ್ಣ ಕೆಲಸ ಅಲ್ಲ, ಒಪ್ಪೋಣ. ಆದರೆ ಪೂರ್ವ ಆಫ್ರಿಕಾದ ಮಲಿಂದಿ ಬಂದರಿನಿಂದ ಈಚೆಗೆ ದಾರಿ ತೋರಿಸಿದ್ದು ಅಲ್ಲಿನ ರಾಜ ಕೊಟ್ಟ ಪೈಲಟ್, ಅಂದರೆ ಸಮುದ್ರದ ದಾರಿ ಬಲ್ಲ ನಾವಿಕ.

ಇನ್ನೊಂದು ವಿಷಯ. ಆ ಪೈಲಟ್ ಕಾಪ್ಪಾಡನ್ನೇ ಕಲ್ಲಿಕೋಟೆ ಅಂದುಕೊಂಡಿದ್ದರಿಂದ ಮೇ 20ಕ್ಕೆ ಲಂಗರು ಹಾಕಿದ್ದು ಇಲ್ಲಿ. ಆಮೇಲೆ ಕಲ್ಲಿಕೋಟೆಯ ರಾಜ ಸಾಮೂತಿರಿಯ ಕಡೆಯವರು ಹಡಗುಗಳನ್ನು ಉತ್ತರಕ್ಕೆ, ಪಂತಲಾಯನಿ ಕೊಲ್ಲಂ ಅನ್ನೋ ಒಳ್ಳೆ ಬಂದರಿಗೆ ಕಳಿಸಿದರು. ಗಾಮ 13 ಜನರನ್ನು ಕರ್ಕೊಂಡು ರಾಜನನ್ನು ನೋಡೋಕೆ ಹೊರಟಿದ್ದು ಅಲ್ಲಿಂದ, ಮೇ 28ಕ್ಕೆ. ಅವರು ಕಾಪ್ಪಾಡಿಗೆ ಬಂದಿದ್ದು ರಸ್ತೆ ಮೇಲೆ, ದಾರಿಯಲ್ಲಿ. ಇಲ್ಲಿನ ದೊಡ್ಡ ಮನುಷ್ಯರೊಬ್ಬರ ಮನೆಯಲ್ಲಿ ಜೊತೆಯವರಿಗೆ ಊಟ ಹಾಕಿದರು. ಅನ್ನ, ಧಾರಾಳವಾಗಿ ಬೆಣ್ಣೆ, ಬೇಯಿಸಿದ ಮೀನು. ಮೀನು ಬಹಳ ಚೆನ್ನಾಗಿತ್ತು ಅಂತ ಅವರೇ ಬರೆದಿದ್ದಾರೆ. ಗಾಮ ಮಾತ್ರ ಉಣ್ಣಲಿಲ್ಲ. ಅದೇ ಊರಲ್ಲಿ ನಾವು ಮೀನೂಟ ಮಾಡುವಾಗ ಇದನ್ನು ಹೇಳೋಕೆ ಗೈಡಿಗೆ ಎರಡು ನಿಮಿಷ ಸಾಕಿತ್ತು. ಕಂಬದ ಮೇಲಿನ ಸಾಲಿಗಿಂತ ಈ ಊಟದ ಕಥೆ ಕಾಪ್ಪಾಡಿನದು, ಅಲ್ವಾ?

ಇದೆಲ್ಲ ಬಿಟ್ಟರೂ ನಾನು ಸುಮ್ಮನಿರುತ್ತಿದ್ದೆ. ಆದರೆ 1502ರ ಬಗ್ಗೆ ಇಡೀ ದಿನ ಒಂದು ಮಾತೂ ಬರಲಿಲ್ಲ. ಗಾಮ ಎರಡನೇ ಸಲ ಬಂದಾಗ ಜೊತೆಗೆ ದೊಡ್ಡ ನೌಕಾಪಡೆ ಇತ್ತು. ಮೆಕ್ಕಾದಿಂದ ವಾಪಸ್ ಬರುತ್ತಿದ್ದ ಮೀರಿ ಅನ್ನೋ ಹಡಗನ್ನು ತಡೆದು, ಅದರಲ್ಲಿದ್ದ ಸಾಮಾನು ದೋಚಿ, ನೂರಾರು ಜನ ಯಾತ್ರಿಕರು ಒಳಗಿದ್ದಂತೆಯೇ ಬೆಂಕಿ ಇಟ್ಟರು. ಹೆಂಗಸರು ಮೈಮೇಲಿನ ಒಡವೆ ತೋರಿಸಿ, ಕೂಸುಗಳನ್ನು ಎತ್ತಿ ಹಿಡಿದು ಬೇಡಿಕೊಂಡರು. ಇದನ್ನು ಬರೆದವನು ಶತ್ರು ಅಲ್ಲ, ಅವನ ಪಡೆಯ ಜೊತೆಗೇ ಬಂದವನು. ಸುಮಾರು 20 ಮಕ್ಕಳನ್ನು ಮಾತ್ರ ಮತಾಂತರ ಮಾಡಿಸೋಕೆ ಉಳಿಸಿಕೊಂಡರು. ಆಮೇಲೆ ಕಲ್ಲಿಕೋಟೆ ಮೇಲೆ ಫಿರಂಗಿ ಹಾರಿಸಿದರು. ನಮ್ಮ ಮನೆ ಕಾರವಾರದ ಕಡೆ. ಅದೇ ಪ್ರಯಾಣದಲ್ಲಿ ನಮ್ಮ ಹೊನ್ನಾವರ, ಭಟ್ಕಳಕ್ಕೂ ಇವನ ಹಡಗುಗಳು ನುಗ್ಗಿದ್ದವು. ಹಾಗಾಗಿ ಇದು ನನಗೆ ಕೇರಳದ ಕಥೆ ಮಾತ್ರ ಅಲ್ಲ. ಮೀರಿ ಹಡಗಿನ ಜನರಿಗೆ ನಮ್ಮ ಟೂರಿನಲ್ಲಿ ಯಾವ ಕಲ್ಲೂ ಇರಲಿಲ್ಲ, ಗೈಡಿನ ಬಾಯಲ್ಲಿ ಒಂದು ಸಾಲೂ ಇರಲಿಲ್ಲ.

ಕಂಬ ಕಿತ್ತು ಹಾಕಬೇಕಾ ಅಂತ ಹೆಂಡತಿ ಕೇಳಿದಳು. ಬೇಡ ಅನ್ಸುತ್ತೆ. 1998ರಲ್ಲಿ 500 ವರ್ಷ ತುಂಬಿದಾಗ, ಇದನ್ನು ಹಬ್ಬ ಮಾಡಬೇಡಿ ಅಂತ ಕೇರಳದಲ್ಲಿ, ಗೋವಾದಲ್ಲಿ ಜನ ಗಟ್ಟಿಯಾಗಿ ವಿರೋಧ ಮಾಡಿದ್ದರು, ಅವರು ಕೇಳಿದ್ದು ಸರಿ. ಆದರೆ ಕಲ್ಲು ಅಲ್ಲೇ ಇರಲಿ. ಪಕ್ಕದಲ್ಲಿ ಇನ್ನೊಂದು ಫಲಕ ಹಾಕಲಿ, ಮಲಯಾಳದಲ್ಲೂ ಬರೆಯಲಿ, ಬಂದಿಳಿದದ್ದು ಎಲ್ಲಿ, ಅನ್ನ ಹಾಕಿದ್ದು ಯಾರು, ನಾಲ್ಕು ವರ್ಷಕ್ಕೆ ವಾಪಸ್ ಬಂದು ಅವನು ಮಾಡಿದ್ದೇನು ಅಂತ. ಫಲಕ ಸರ್ಕಾರದ ಕೆಲಸ, ಸರಿ. ಬಾಯಲ್ಲಿ ಹೇಳೋದು ಟೂರಿನವರ ಕೆಲಸ, ನಾವು ದುಡ್ಡು ಕೊಡೋದೇ ಅದಕ್ಕೆ.

ಕಾಪ್ಪಾಡು ಮುಗಿದ ಮೇಲೆ ಊರಿನ ಬೀಚು, ಆಮೇಲೆ ಮಿಠಾಯಿ ಬೀದಿಯಲ್ಲಿ ಒಂದೂವರೆ ಗಂಟೆ ಹಲ್ವಾ ಶಾಪಿಂಗ್. ಹಲ್ವಾ ಚೆನ್ನಾಗಿತ್ತು, ಎರಡು ಕೆಜಿ ತಂದೆವು. ಆದರೆ ಅಷ್ಟು ಹೊತ್ತು ಅಲ್ಲಿ ಬೇಕಿರಲಿಲ್ಲ. ಹತ್ತಿರದಲ್ಲೇ ಇರುವ ಕುಟ್ಟಿಚಿರಕ್ಕೆ ಕರ್ಕೊಂಡು ಹೋಗಬಹುದಿತ್ತು. ಟೂರ್ ಮುಗಿದ ಮೇಲೆ ನಾವೇ ಆಟೋ ಹಿಡಿದು ಹೋದೆವು. ಅಲ್ಲಿ ಕೆರೆ ಪಕ್ಕ ಮಿಶ್ಕಾಲ್ ಮಸೀದಿ ಇದೆ. ಗುಮ್ಮಟ ಇಲ್ಲ, ಮಿನಾರು ಇಲ್ಲ, ಅಂತಸ್ತಿನ ಮೇಲೆ ಅಂತಸ್ತು ಮರದಲ್ಲಿ ಕಟ್ಟಿ ಹೆಂಚು ಹೊದಿಸಿದ್ದಾರೆ. ಮಗಳು, ದೇವಸ್ಥಾನದ ಥರ ಇದೆಯಲ್ಲ ಅಪ್ಪ ಅಂದಳು. 1510ರಲ್ಲಿ ಪೋರ್ಚುಗೀಸರು ಇದಕ್ಕೆ ಬೆಂಕಿ ಇಟ್ಟರು. 1571ರಲ್ಲಿ ಸಾಮೂತಿರಿ ಪೋರ್ಚುಗೀಸರ ಚಾಲಿಯಂ ಕೋಟೆಯನ್ನು ಕೆಡವಿ, ಅಲ್ಲಿನ ಮರವನ್ನು ಮಸೀದಿ ಸರಿಮಾಡೋಕೆ ಕೊಟ್ಟ ಅಂತ ಊರವರು ಇವತ್ತಿಗೂ ಹೇಳುತ್ತಾರೆ. ಇಡೀ ದಿನದ ಟೂರಲ್ಲಿ ಸಿಗದೇ ಇದ್ದದ್ದು ಇಲ್ಲಿ ಹದಿನೈದು ನಿಮಿಷದಲ್ಲಿ ಸಿಕ್ಕಿತು.

5ಕ್ಕೆ 3 ಸ್ಟಾರ್ ಕೊಡ್ತೀನಿ. ಮೂರೂ ವ್ಯಾನಿಗೆ, ಊಟಕ್ಕೆ, ಆ ಹುಡುಗನ ಒಳ್ಳೆತನಕ್ಕೆ. ಮಕ್ಕಳನ್ನು ಕರ್ಕೊಂಡು ಹೋಗುವವರು ಬುಕ್ ಮಾಡುವಾಗಲೇ ಹೇಳಿ, ಶಾಪಿಂಗ್ ಕಡಿಮೆ ಮಾಡಿ, ಕುಟ್ಟಿಚಿರ ಸೇರಿಸಿ ಅಂತ. ಟೈಮ್ ಇದ್ದರೆ ಕಾಪ್ಪಾಡಿನಿಂದ ಇನ್ನೂ ಉತ್ತರಕ್ಕೆ, ಪಯ್ಯೋಳಿ ದಾಟಿ ಇರಿಂಗಲ್‌ಗೂ ಹೋಗಿ. ಪೋರ್ಚುಗೀಸರ ಜೊತೆ ಸಮುದ್ರದಲ್ಲಿ ಕಾದಾಡಿದ ಕುಂಞಾಲಿ ಮರಕ್ಕಾರರ ಸ್ಮಾರಕ, ಚಿಕ್ಕ ಮ್ಯೂಸಿಯಂ ಅಲ್ಲಿದೆ. ನಮಗೆ ಆಗಲಿಲ್ಲ, ರಾತ್ರಿ ರೈಲಿತ್ತು. ಕುಟ್ಟಿಚಿರಕ್ಕೆ ಸಂಜೆ ಹೋಗಿ, ಮಸೀದಿ ಒಳಗೆ ಹೋಗುವ ಮುಂಚೆ ಕೇಳಿ. ಕೆರೆ ಕಟ್ಟೆ ಮೇಲೆ ಹಿರಿಯರು ಕೂತಿರುತ್ತಾರೆ, ಮಾತಾಡಿಸಿ. ನಮಗೆ ಒಬ್ಬರು ಪೂರ್ತಿ ಕಥೆ ಹೇಳಿದರು, ಮಗಳ ಕೈಗೆ ಎರಡು ಬಾಳೆಹಣ್ಣು ಕೊಟ್ಟರು. ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ.